ಮೊದಲು ನೆಲ, ಆಮೇಲೆ ಬಿಲ, ಕೊನೆಗೆ ಪ್ರಾಣಿ: ಹುಲ್ಲುಗಾವಲಿಗೆ ಬಿಲವಾಸಿಗಳನ್ನು ಮರಳಿ ತರುವ ಸಮಗ್ರ ಮಾರ್ಗದರ್ಶಿ

ಸಾಸವಡ ದಾಟಿ ಜೇಜುರಿ ಕಡೆಗೆ ಹೋಗುವಾಗ ಒಂದು ಬೋಳು ಗುಡ್ಡ ಸಿಗುತ್ತದೆ. ಹತ್ತು-ಹನ್ನೆರಡು ವರ್ಷದ ಹಿಂದೆ ಪುಣೆಯ ನಾವು ಕೆಲವು ಕನ್ನಡ ಮನೆಯವರು ಸೇರಿ ಮಳೆಗಾಲದ ನಾಲ್ಕು ಭಾನುವಾರ ಅಲ್ಲಿ ಗಿಡ ನೆಟ್ಟೆವು. ಜೆಸಿಬಿ ಮೊದಲೇ ಬಂದು ಗುಡ್ಡದ ಸುತ್ತ ಸಾಲಾಗಿ ಚರ (ಮಳೆನೀರು ಇಂಗಿಸುವ ಉದ್ದನೆಯ ಗುಂಡಿ) ತೋಡಿಟ್ಟಿತ್ತು. ಆ ಹಸಿ ಮಣ್ಣಿನಲ್ಲಿ ಗ್ಲಿರಿಸಿಡಿಯಾ, ಸುಬಾಬುಲ್ ಸಸಿ ಊರಿ, ಒಳ್ಳೆಯ ಕೆಲಸ ಮಾಡಿದೆವೆಂದು ಮನೆಗೆ ಬರುತ್ತಿದ್ದೆವು. ಮೂರನೆಯ ವಾರ ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಿಗೆ ನಿಂತರು. ಸಾಂಗ್ಲಿ ಜಿಲ್ಲೆಯ ಜತ್ ಕಡೆಯವರು. "ಯಕ್ಕಾ, ಇಲ್ಲೆ ನರಿ ಮನಿ ಇತ್ತಲ್ಲ, ಮೂರು ಬಾಯಿದ್ದು. ಅದರ ಮ್ಯಾಲೇ ಹಚ್ಚೀರೇನು ಗಿಡಾ?" ಎಂದು ಕೇಳಿದರು.

ಹೌದು, ಅದರ ಮೇಲೆಯೇ ಹಚ್ಚಿದ್ದೆವು. ಆ ಗುಡ್ಡವನ್ನು ಮತ್ತೆ ಹುಲ್ಲುಗಾವಲು ಮಾಡಲು ಅಂದಿನಿಂದ ಓಡಾಡುತ್ತಿದ್ದೇನೆ. ಈ ಕೆಲಸಕ್ಕೆ ಕೈ ಹಾಕಬೇಕೆಂದಿರುವ ಊರಿನ ಗುಂಪುಗಳಿಗೆ, ಜಮೀನಿರುವವರಿಗೆ, ಜೀವಶಾಸ್ತ್ರ ಓದುವ ಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಪ್ರಾಣಿಯನ್ನು ಪೆಟ್ಟಿಗೆಯಿಂದ ಬಿಡುವ ದಿನವನ್ನೇ ಎಲ್ಲರೂ ದೊಡ್ಡದೆಂದುಕೊಳ್ಳುತ್ತಾರೆ. ಅದಕ್ಕೆ ಮುಂಚಿನ ನಾಲ್ಕೈದು ವರ್ಷದ ಮಣ್ಣಿನ ಕೆಲಸ ಆಗಿಲ್ಲದಿದ್ದರೆ, ಬಿಟ್ಟ ಪ್ರಾಣಿಯನ್ನು ಕೊಂದಂತೆಯೇ.

ಯಾವ ಪ್ರಾಣಿ, ಅದು ಹೋದದ್ದು ಏಕೆ

ಸಾಸವಡ, ಸುಪೆ, ಬಾರಾಮತಿ, ಇಂದಾಪುರದ ತನಕ ಹಬ್ಬಿರುವುದು ಸಹ್ಯಾದ್ರಿಯ ಮಳೆನೆರಳಿನ ಬಯಲು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ಕಾಡು ಹಾಳಾಗಿ ಉಳಿದ ಬಯಲು ಇದಲ್ಲ, ಹುಟ್ಟಾ ಹುಲ್ಲುಗಾವಲು. ಸುಪೆಯ ಹತ್ತಿರದ ಮಯೂರೇಶ್ವರ ಅಭಯಾರಣ್ಯ 5 ಚದರ ಕಿ.ಮೀ.ಗಿಂತ ಸ್ವಲ್ಪವೇ ದೊಡ್ಡದು, ಆದರೂ ಚಿಂಕಾರಾ ಎಂಬ ಹುಲ್ಲೆಗಳು ಅಲ್ಲಿ ಮೇಯುವುದನ್ನು ನೋಡಿದರೆ ಈ ನೆಲದ ಶಕ್ತಿ ತಿಳಿಯುತ್ತದೆ. ಕಂದಾಯದ ಕಾಗದದಲ್ಲಿ ಇಂಥ ನೆಲವನ್ನು 'ಪಡೀಕ್' (ಪಾಳು ನೆಲ) ಎಂದು ಬರೆಯುವ ರೂಢಿಯಿಂದಲೇ ಜೆಸಿಬಿ ಅಷ್ಟು ಸಲೀಸಾಗಿ ಒಳಗೆ ಬರುತ್ತದೆ.

ಪುಣೆ ಸುತ್ತಮುತ್ತ ಯೋಚಿಸಬೇಕಾದ ಬಿಲವಾಸಿಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಚಿಪ್ಪುಹಂದಿ, ಇಲ್ಲಿನವರ ಬಾಯಲ್ಲಿ ಖವಲೆ ಮಾಂಜರ್. ಹಲ್ಲಿಲ್ಲದ, ಇರುವೆ-ಗೆದ್ದಲಿನ ಮೇಲೆಯೇ ಬದುಕುವ, ಸಾಮಾನ್ಯವಾಗಿ ಸೂಲಿಗೆ ಒಂದೇ ಮರಿ ಹಾಕುವ ಪ್ರಾಣಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನದೆಂದು ಗುರುತಾಗಿದೆ, ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿದೆ. ಎರಡನೆಯದನ್ನು ಪುಣೆಯಲ್ಲೇ ಹುಟ್ಟಿ ಬೆಳೆದ ಬಹಳ ಜನ ಹೆಸರು ಕೇಳಿಯೂ ಇಲ್ಲ: ಕೊಂಡಾಣಾ ಇಲಿ. ಪುಣೆ ಬಳಿಯ ಸಿಂಹಗಡ ಕೋಟೆಯ ಹಳೆಯ ಹೆಸರು ಕೊಂಢಾಣಾ. ಆ ಕೋಟೆಯ ಮೇಲಿನ ಬಯಲಿನಿಂದಲೇ 1975ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ರಾತ್ರಿ ಓಡಾಡುವ, ಮೆತ್ತನೆ ಕೂದಲಿನ ಬಿಲದ ಇಲಿ ಇದು. ಇದೂ ಅಳಿವಿನಂಚಿನಲ್ಲಿದೆ. ನಾವು ಪಿಠಲೆ-ಭಾಕ್ರಿ ತಿಂದು ಕಾಗದದ ತಟ್ಟೆ ಬಿಸಾಡಿ ಬರುವ ಜಾಗವೇ ಅದರ ಮನೆ. ಮೂರನೆಯದು ಕಂಕ ನರಿ, ಮರಾಠಿಯ ಖೋಕಡ್. ಇಡೀ ದೇಶದ ಲೆಕ್ಕದಲ್ಲಿ ಅದು ಅಳಿವಿನಂಚಿನಲ್ಲಿಲ್ಲ, ಆದರೆ ಬಯಲು ಕಳೆದುಕೊಂಡಂತೆ ಊರೂರಿನಿಂದ ಕಾಣೆಯಾಗುತ್ತಿದೆ.

ಈಗ ಎಲ್ಲಕ್ಕಿಂತ ಕಠಿಣ ಪ್ರಶ್ನೆ: ನೆಲ ಸರಿಯಾದರೆ ಪ್ರಾಣಿ ತಾನೇ ಬರುತ್ತದೆಯೇ? ಹತ್ತಿರದ ಬಯಲಿನಲ್ಲಿ ನರಿ ಇದ್ದರೆ, ನಡುವೆ ದಾರಿ ಇದ್ದರೆ, ನಡೆದೇ ಬರುತ್ತದೆ. ಅದನ್ನು ಹಿಡಿದು ತರುವುದು ಅನ್ಯಾಯ. ಕೊಂಡಾಣಾ ಇಲಿ ಹಾಗೆ ಕಣಿವೆ ಇಳಿದು, ರಸ್ತೆ ದಾಟಿ, ಇನ್ನೊಂದು ಗುಡ್ಡ ಹತ್ತಲಾರದು. ಅದಕ್ಕೆ ಮನುಷ್ಯರ ನೆರವು ಬೇಕಾಗಬಹುದು. ಚಿಪ್ಪುಹಂದಿಯ ವಿಷಯದಲ್ಲಿ ಕಳ್ಳಸಾಗಣೆದಾರರಿಂದ ಬಿಡಿಸಿದ, ಬಾವಿಗೆ ಬಿದ್ದು ಸಿಕ್ಕ ಪ್ರಾಣಿಗಳನ್ನು ಎಲ್ಲಿ ಬಿಡಬೇಕು ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ಪ್ರಾಣಿ ಏಕೆ ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬೇಟೆಯೇ, ನಾಯಿಯೇ, ಚರವೇ, ಕಬ್ಬಿನ ಗದ್ದೆಯ ಇಲಿಪಾಷಾಣವೇ? ಆ ಕಾರಣ ಇನ್ನೂ ಅಲ್ಲೇ ಇದ್ದರೆ ಪ್ರಾಣಿ ತರಬೇಡಿ. ಮರುಪರಿಚಯಕ್ಕೆಂದು ಐಯುಸಿಎನ್ 2013ರಲ್ಲಿ ಹೊರತಂದ ಮಾರ್ಗಸೂಚಿಯೂ ಮೊದಲು ಕೇಳುವುದು ಇದನ್ನೇ.

ಅನುಮತಿ

ಚುಟುಕಾಗಿ ಹೇಳುತ್ತೇನೆ, ಆದರೆ ಇದನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ವನ್ಯಪ್ರಾಣಿಯನ್ನು ಹಿಡಿಯುವುದು, ಸಾಕುವುದು, ಬಿಡುವುದು ಯಾವುದೂ ನಮ್ಮ ಕೈಯಲ್ಲಿಲ್ಲ. 1972ರ ಕಾಯ್ದೆಯ 12ನೆಯ ಕಲಮಿನ ಅಡಿ, ವೈಜ್ಞಾನಿಕ ನಿರ್ವಹಣೆಗಾಗಿ ಪ್ರಾಣಿಗಳನ್ನು ಸ್ಥಳಾಂತರಿಸಲು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಪರವಾನಗಿ ಕೊಡುತ್ತಾರೆ. ಮೊದಲ ಅನುಸೂಚಿಯ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ನಿಮ್ಮ ಗುಂಪು ಮಾಡಬಹುದಾದದ್ದು ನೆಲದ ಕೆಲಸ, ನಿಗಾ ಮತ್ತು ಊರಿನವರೊಡನೆ ಮಾತುಕತೆ. ಪ್ರಾಣಿಯ ಕೆಲಸ ಅರಣ್ಯ ಇಲಾಖೆ, ಪಶುವೈದ್ಯರು ಮತ್ತು ಜೀವವಿಜ್ಞಾನಿಗಳದು. ನೆಲ ಯಾರದು ಎಂಬುದನ್ನೂ ಮೊದಲೇ ನೋಡಿ. ಅರಣ್ಯದ್ದೇ, ಊರಿನ ಗಾಯರಾನೇ (ಗೋಮಾಳ), ಖಾಸಗಿಯೇ ಎಂಬುದರ ಮೇಲೆ ಒಂದು ಪೊದೆ ಕಡಿಯಲೂ ಯಾರನ್ನು ಕೇಳಬೇಕೆಂಬುದು ನಿಂತಿದೆ.

ಹಾರೆ ಹಿಡಿದು ಮಣ್ಣು ಓದುವುದು

ಬಿಲವಾಸಿಯ ಪಾಲಿಗೆ ಮಣ್ಣೇ ಗೋಡೆ, ಮಣ್ಣೇ ಮಾಡು. ಆದ್ದರಿಂದ ಹುಲ್ಲಿಗಿಂತ ಮೊದಲು ಮಣ್ಣು. ನಮ್ಮ ಕಡೆ ಕರಿಕಲ್ಲಿನ ಬಂಡೆಯ ಮೇಲೆ ತೆಳ್ಳಗೆ ಮಣ್ಣು, ನಡುವೆ ಮುರುಮ್, ಅಂದರೆ ಶಿಥಿಲಗೊಂಡ ಬಂಡೆಯ ಗರಸು, ಇರುತ್ತದೆ. ಒಂದು ಹಾರೆ, ಒಂದು ಬಕೆಟ್ ನೀರು, ಒಂದು ಅಳತೆ ಪಟ್ಟಿ ಇದ್ದರೆ ಸಾಕು.

ಗುಡ್ಡವನ್ನು ನೆತ್ತಿ, ಇಳಿಜಾರು, ಹಳ್ಳದ ದಂಡೆ, ಹಳೆಯ ಬದು ಎಂದು ಪಾಲು ಮಾಡಿಕೊಂಡು ಒಂದೊಂದರಲ್ಲೂ ಹತ್ತು ಕಡೆ ಹಾರೆ ಹಾಕಿ. ಬಂಡೆ ಎಷ್ಟು ಆಳಕ್ಕೆ ಸಿಕ್ಕಿತು ಬರೆದುಕೊಳ್ಳಿ. ಅರ್ಧ ಮೀಟರಿಗಿಂತ ಮೊದಲೇ ಠಣ್ ಎಂದರೆ ಅಲ್ಲಿ ಬಿಲ ಆಗದು. ಅರ್ಧ ಮೀಟರ್ ಏಕೆಂದರೆ, ಅಷ್ಟು ಆಳಕ್ಕೆ ಇಳಿದರೆ ಹಗಲು-ರಾತ್ರಿಯ ಬಿಸಿಲು-ಚಳಿಯ ಏರಿಳಿತ ಬಹುಮಟ್ಟಿಗೆ ತಟ್ಟುವುದಿಲ್ಲ. ಮೇ ತಿಂಗಳಲ್ಲಿ ಮೇಲಿನ ಕಲ್ಲಿನ ಮೇಲೆ ಬರಿಗಾಲಿಡಲು ಆಗದಿರುವಾಗ ಕೆಳಗಿನ ಪ್ರಾಣಿ ಬದುಕುವುದು ಹೀಗೆ.

ತೋಡಿದ ಮಣ್ಣನ್ನು ಸ್ವಲ್ಪ ನೀರು ಹಾಕಿ ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಿ, ಬೆರಳಿನಿಂದ ಒತ್ತಿದರೆ ತುಂಡಾಗಬೇಕು. ಕಟ್ಟದೇ ಉದುರಿದರೆ ಬಿಲದ ಮಾಡು ನಿಲ್ಲದು. ಹಪ್ಪಳದ ಹಿಟ್ಟಿನ ಹಾಗೆ ಅಂಟಿ ಉದ್ದುದ್ದ ಎಳೆ ಬಂದರೆ ಅದು ಎರೆಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಯಲ್ಲಿ ಉಬ್ಬಿ ಬಿಲವನ್ನು ಮುಚ್ಚಿಬಿಡುತ್ತದೆ. ಇಳಿಜಾರಿನ ಮುರುಮ್ ಮಿಶ್ರ ಕೆಂಪು ಮಣ್ಣೇ ನಾನು ನೋಡಿದ ಹೆಚ್ಚಿನ ಬಿಲಗಳಿದ್ದ ಜಾಗ. ಅದೇ ಗುಂಡಿಗೆ ಬಕೆಟ್ ನೀರು ಸುರಿದು ಇಂಗಲು ಎಷ್ಟು ಹೊತ್ತು ಬೇಕು ನೋಡಿ. ಮಾರನೆಯ ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಜಾಗ ಬಿಟ್ಟುಬಿಡಿ. ಈ ಪರೀಕ್ಷೆಯನ್ನು ಮೇನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಮಾಡಬೇಕು.

ಇರುವ ಬಿಲಗಳನ್ನು ಓದಲು ನನಗೆ ಕಲಿಸಿದವರು ಆ ಕುರಿಗಾಹಿ ಕಾಕಾ ಅವರೇ. ಬಿಲದ ಬಾಯಿಯ ಮುಂದೆ ಬೀಸಣಿಗೆಯ ಹಾಗೆ ಹರಡಿದ ಮಣ್ಣು ಹಸಿಯೋ ಒಣಗಿದೆಯೋ, ಬಾಯಿಗೆ ಅಡ್ಡ ಜೇಡರ ಬಲೆ ಇದೆಯೋ, ಒಳಗೋಡೆಯ ಮೇಲೆ ಉಗುರಿನ ಗೆರೆ ಎಷ್ಟು ಅಗಲ ಎಂದು ಅವರು ಮೊದಲು ನೋಡುತ್ತಿದ್ದರು. ಆಮೇಲೆ ಒಂದು ಒಣ ಹುಲ್ಲುಕಡ್ಡಿಯನ್ನು ಬಾಯಿಗೆ ಅಡ್ಡಲಾಗಿ, ಮಣ್ಣಿಗೆ ಸಿಗಿಸಿದ್ದೂ ಅಲ್ಲ ಬಿಟ್ಟದ್ದೂ ಅಲ್ಲ ಎನ್ನುವಷ್ಟು ಹಗುರವಾಗಿ ಇಟ್ಟು, ಕೆಳಗೆ ಸೋಸಿದ ಬೂದಿ ಉದುರಿಸುತ್ತಿದ್ದರು. ಬೆಳಿಗ್ಗೆ ಕಡ್ಡಿ ಹೊರಕ್ಕೆ ಬಿದ್ದಿದ್ದರೆ ಒಳಗಿನದು ಹೊರಬಂದಿದೆ. ಒಳಕ್ಕೆ ಬಿದ್ದಿದ್ದರೆ ಹೊರಗಿನದು ಒಳಹೊಕ್ಕಿದೆ. ಬೂದಿಯ ಮೇಲಿನ ಹೆಜ್ಜೆ ಯಾರು ಎಂದು ಹೇಳುತ್ತದೆ. ಬಿಲದೊಳಗೆ ಕೋಲು, ಕೈ, ಮೊಬೈಲು ಏನನ್ನೂ ತೂರಿಸಬೇಡಿ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುವ ಹಾಗೆ, ನರಿ ತೋಡಿದ್ದರಲ್ಲಿ ಮುಳ್ಳುಹಂದಿಯೂ ಇರಬಹುದು, ನಾಗರವೂ ಇರಬಹುದು.

ಹುಲ್ಲು ಮತ್ತು ಗೆದ್ದಲು

ಹುಲ್ಲು ಬರಬೇಕಾದರೆ ನಾವೇ ನೆಟ್ಟ ಮರಗಳನ್ನು ಮೊದಲು ತೆಗೆಯಬೇಕು. ಗ್ಲಿರಿಸಿಡಿಯಾವನ್ನು ಮೊಣಕಾಲೆತ್ತರಕ್ಕೆ ಕಡಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಎಳೆಯದನ್ನು ಮಳೆಗಾಲದ ಹಸಿ ಮಣ್ಣಿನಲ್ಲಿ ಬೇರುಸಹಿತ ಕೀಳಿ. ಬಲಿತದ್ದರ ತೊಗಟೆಯನ್ನು ಬುಡದ ಸುತ್ತ ಸುಲಿದು, ಬಂದ ಚಿಗುರನ್ನು ಬಂದಂತೆ ಮುರಿಯುತ್ತಿರಬೇಕು. ಬಳ್ಳಾರಿ ಜಾಲಿಗೂ ಇದೇ ತಾಳ್ಮೆ. ಯಂತ್ರ ತರಿಸಿ ಒಂದೇ ದಿನ ಎಲ್ಲ ಕಿತ್ತುಹಾಕುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ, ಆ ಚಕ್ರದ ಕೆಳಗೆ ಇರುವ ಬಿಲಗಳೂ ಕುಸಿಯುತ್ತವೆ. ಹಳೆಯ ಚರಗಳ ಪಕ್ಕದ ಮಣ್ಣಿನ ಏರಿಯನ್ನೂ ಪೂರ್ತಿ ಸಮ ಮಾಡಬೇಡಿ. ಅಲ್ಲಿನ ಸಡಿಲ ಮಣ್ಣಿನಲ್ಲಿ ಈಗಾಗಲೇ ಯಾರೋ ಮನೆ ಮಾಡಿರಬಹುದು.

ಬೀಜವನ್ನು ಅಂಗಡಿಯಿಂದ ತರಬೇಡಿ. ಅಕ್ಟೋಬರ್-ನವೆಂಬರ್‌ನಲ್ಲಿ ಹತ್ತಿರದ ಒಳ್ಳೆಯ ಬಯಲಿನಿಂದ ಪವನ್ಯಾ, ಡೋಂಗರಿ, ಮಾರ್ವೇಲ್, ಕುಸಳಿ ಎಂಬ ಹುಲ್ಲುಗಳ ತೆನೆ ಸವರಿ ತಂದು, ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಿ. ರೋಹಿಣಿ ಮಳೆಯ ಹೊತ್ತಿಗೆ ಸಗಣಿ-ಮಣ್ಣಿನಲ್ಲಿ ಕಲಸಿ ಉಂಡೆ ಮಾಡಿ ಎರಚಿದರೆ ಇರುವೆ ಹೊತ್ತುಕೊಂಡು ಹೋಗುವುದು ಕಡಿಮೆ. ನೆಲ ಉಳುವುದು ಬೇಡ.

ಮೊದಲ ಎರಡು ಮಳೆಗಾಲ ಮೇಯಿಸುವುದು ನಿಲ್ಲಲಿ. ಆಮೇಲೂ ಶಾಶ್ವತವಾಗಿ ಬೇಲಿ ಹಾಕಿ ಕೂತರೆ ಹುಲ್ಲು ಹಾಸಿಗೆಯಂತೆ ಒಣಗಿ ಬಿದ್ದು, ಹೊಸ ಕುಡಿ ಬರದೆ, ಒಂದು ಬೀಡಿಯ ಕಿಡಿಗೆ ಎಲ್ಲ ಬೂದಿಯಾಗುತ್ತದೆ. ದೀಪಾವಳಿ ಕಳೆದು ಬೀಜ ಉದುರಿದ ಮೇಲೆ ಪಾಳಿಯ ಪ್ರಕಾರ ಕುರಿ ಬರಲಿ. ಕುಸಳಿಯ ಮುಳ್ಳು ಉಣ್ಣೆಗೆ ಚುಚ್ಚಿಕೊಂಡು ಚರ್ಮಕ್ಕೆ ಇಳಿಯುವುದರಿಂದ, ಬೀಜ ಉದುರುವ ತನಕ ಕುರಿಗಾಹಿಗಳಿಗೂ ಅವಸರವಿರುವುದಿಲ್ಲ. ಈ ಪಾಳಿಯನ್ನು ಅವರೊಡನೆ ಕೂತು ಗೊತ್ತು ಮಾಡಿ. ನಾವು ತಿಂಗಳಿಗೆರಡು ಸಲ ಹೋಗುವವರು, ಅವರು ದಿನವೂ ಅಲ್ಲಿರುವವರು.

ಚಿಪ್ಪುಹಂದಿ ಬರಬೇಕೆಂದರೆ ಗೆದ್ದಲಿನ ಲೆಕ್ಕ ಬೇಕು. ಎಕರೆಗೆ ಇಪ್ಪತ್ತು ಕಡೆ ಒಂದೊಂದು ತುಂಡು ತೋಯಿಸಿದ ರಟ್ಟನ್ನು ಅಂಗೈ ಆಳಕ್ಕೆ ಹೂತು, ಕಡ್ಡಿಯ ಗುರುತಿಟ್ಟು, ಹದಿನೈದು ದಿನ ಬಿಟ್ಟು ತೆಗೆದು ನೋಡಿ. ಎಷ್ಟು ತುಂಡಿಗೆ ಗೆದ್ದಲು ಹತ್ತಿದೆ ಎಂದು ಬರೆದುಕೊಳ್ಳಿ. ಇದನ್ನೇ ವರ್ಷ ವರ್ಷ ಅದೇ ತಿಂಗಳಲ್ಲಿ ಮಾಡಿದರೆ ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಬಿದ್ದ ಕೊಂಬೆ, ಒಣ ಸಗಣಿ ಹೆಕ್ಕಬೇಡಿ. ಸುತ್ತಲ ಗದ್ದೆಗಳಲ್ಲಿ ಕೀಟನಾಶಕ, ಇಲಿಪಾಷಾಣ ಯಾವ ತಿಂಗಳು ಹಾಕುತ್ತಾರೆ ಎಂದು ರೈತರನ್ನು ಕೇಳಿಟ್ಟುಕೊಳ್ಳಿ.

ನಾಯಿ ಮತ್ತು ಕಸ

ಇಲ್ಲಿ ಸೋತರೆ ಮಿಕ್ಕಿದ್ದೆಲ್ಲ ವ್ಯರ್ಥ. ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಬಯಲಿನ ಅಧ್ಯಯನಗಳಲ್ಲಿ, ನಾಯಿ ಹತ್ತಿರವಿದ್ದಾಗ ಕಂಕ ನರಿ ಆಹಾರವಿದ್ದ ಜಾಗಕ್ಕೂ ಬರಲು ಹಿಂಜರಿಯುವುದು ಕಂಡಿದೆ. ನಾಯಿ ಕಚ್ಚದಿದ್ದರೂ ನರಿ ಹಸಿದಿರುತ್ತದೆ. ಜೊತೆಗೆ ನಾಯಿಯಿಂದ ಹರಡುವ ರೇಬೀಸ್, ಡಿಸ್ಟೆಂಪರ್ ಎಂಬ ವೈರಸ್ ರೋಗಗಳು.

ಡಿಸ್ಟೆಂಪರ್ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಕರಿಗಾಲಿನ ಫೆರೆಟ್‌ನ ಕಥೆ ಗೊತ್ತಿರಬೇಕು. ಹುಲ್ಲುಗಾವಲಿನ ಪ್ರೇರಿ ಡಾಗ್ ಎಂಬ ಅಳಿಲಿನ ಬಿಲಗಳಲ್ಲೇ ವಾಸಿಸಿ, ಅದನ್ನೇ ತಿಂದು ಬದುಕುವ ಪ್ರಾಣಿ ಅದು. 1979ರ ಹೊತ್ತಿಗೆ ಅಳಿದೇ ಹೋಯಿತೆಂದುಕೊಂಡಿದ್ದರು. 1981ರಲ್ಲಿ ವ್ಯೋಮಿಂಗ್‌ನ ಮೀಟೀಟ್ಸೆ ಬಳಿ ಒಂದು ಸಾಕುನಾಯಿ ಸತ್ತ ಫೆರೆಟ್ ಕಚ್ಚಿಕೊಂಡು ಮನೆಗೆ ಬಂದಾಗ ಕೊನೆಯ ಗುಂಪು ಪತ್ತೆಯಾಯಿತು. ಆ ಗುಂಪಿಗೂ ಡಿಸ್ಟೆಂಪರ್ ತಗುಲಿ, 1987ರ ಹೊತ್ತಿಗೆ ಉಳಿದ 18ನ್ನು ಹಿಡಿದು ಸಾಕಬೇಕಾಯಿತು. 1991ರಿಂದ ಮತ್ತೆ ಬಯಲಿಗೆ ಬಿಡುತ್ತಿದ್ದಾರೆ. ಇಂದಿಗೂ ಪ್ಲೇಗ್ ಬಂದು ಪ್ರೇರಿ ಡಾಗ್ ಸತ್ತರೆ ಫೆರೆಟ್‌ಗೆ ಮನೆಯೂ ಇಲ್ಲ, ಊಟವೂ ಇಲ್ಲ.

ಆದ್ದರಿಂದ ಸುತ್ತಲ ವಾಡಿಗಳ ನಾಯಿಗಳಿಗೆ, ಕುರಿಹಿಂಡಿನ ನಾಯಿಗಳಿಗೆ ಪಶುವೈದ್ಯರಿಂದ ಪ್ರತಿವರ್ಷ ಎರಡೂ ರೋಗದ ಲಸಿಕೆ ಹಾಕಿಸಿ. ಕುರಿನಾಯಿಯನ್ನು ಓಡಿಸಬೇಕೆಂದು ಹೇಳಬೇಡಿ. ತೋಳವಿರುವ ಬಯಲಿನಲ್ಲಿ ಕುರಿಗಾಹಿಗೆ ಅದೇ ಕಾವಲು. ಕಸ ಮಾತ್ರ ಒಂದು ದಿನವೂ ಉಳಿಯಬಾರದು. ಸಿಂಹಗಡದಲ್ಲಿ ತಿಂಡಿಯ ಕಸ ಉಳಿದಷ್ಟೂ ಊರ ಇಲಿ, ಬೆಕ್ಕು, ನಾಯಿ ಮೇಲಕ್ಕೆ ಹತ್ತುತ್ತವೆ. ಕೊಂಡಾಣಾ ಇಲಿಗೆ ಇವು ಮೂರೂ ಶತ್ರುಗಳೇ.

ಮೊದಲ ರಾತ್ರಿಗೊಂದು ಬಿಲ

ಹೊಸ ಜಾಗದಲ್ಲಿ ಬಿಟ್ಟ ಪ್ರಾಣಿ ಸಾಯುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲೇ. ಅಡಗಲು ತಾವಿಲ್ಲದೆ ಓಡುತ್ತದೆ, ಗೂಬೆಗೋ ನಾಯಿಗೋ ಸಿಗುತ್ತದೆ. ಯುರೋಪಿನಲ್ಲಿ ಸೂಸ್ಲಿಕ್ ಎಂಬ ನೆಲದ ಅಳಿಲನ್ನು ಹುಲ್ಲುಗಾವಲಿಗೆ ಮರಳಿಸುವಾಗ ಕಲಿತ ಪಾಠ ಇದು. ಮೊದಲೇ ಓರೆಯಾಗಿ ಬಿಲ ಕೊರೆದಿಟ್ಟು, ಪ್ರಾಣಿಯನ್ನು ಅದರೊಳಗೆ ಬಿಟ್ಟು, ಬಾಯಿಯನ್ನು ಹುಲ್ಲಿನಿಂದ ಮುಚ್ಚುತ್ತಾರೆ. ಅದು ತಾನೇ ತೋಡಿಕೊಂಡು ಹೊರಬರುವಷ್ಟರಲ್ಲಿ ಗಾಬರಿ ಇಳಿದು, ಆ ಬಿಲದ ಗುರುತು ಹತ್ತಿರುತ್ತದೆ.

ಇಲಿಯಂಥ ಸಣ್ಣ ಪ್ರಾಣಿಗೆ ಹಾರೆಯಿಂದಲೋ ಮಣ್ಣು ಕೊರೆಯುವ ಕೈ ಆಗರ್‌ನಿಂದಲೋ ಸುಮಾರು 30 ಡಿಗ್ರಿ ಓರೆಯಾಗಿ ಕೊರೆಯಿರಿ. ಅಗಲ ಪ್ರಾಣಿಯ ಮೈ ತೂರುವಷ್ಟೇ ಇರಲಿ, ಬೆಕ್ಕಿನ ತಲೆ ತೂರಬಾರದು. ಎರಡು ಬಾಯಿ ಬೇಕೇ ಬೇಕು, ಒಂದರಲ್ಲಿ ಹಾವು ಬಂದರೆ ಇನ್ನೊಂದರಿಂದ ಓಡಲು. ಬಾಯಿಗಳು ನೈಋತ್ಯಕ್ಕೆ ಮುಖ ಮಾಡದಿರಲಿ, ಮುಂಗಾರಿನ ಇರಚಲು ನೇರ ಒಳಗೆ ಹೊಡೆಯುತ್ತದೆ. ನೀರು ಹರಿಯುವ ಜಾಡಿಗಿಂತ ಮೇಲಿರಲಿ. ಪಿವಿಸಿ ಕೊಳವೆ ಹೂಳಬೇಡಿ, ಒಳಗೆ ಉಗುರು ನಿಲ್ಲದು, ತೇವ ಕಟ್ಟುತ್ತದೆ. ಒಂದು ಮಳೆಗಾಲ ಖಾಲಿ ಬಿಟ್ಟು ಯಾವುದು ಕುಸಿಯಿತು, ಯಾವುದರಲ್ಲಿ ನೀರು ನಿಂತಿತು ನೋಡಿ, ಉಳಿದ ಮಾದರಿಯಲ್ಲೇ ಮುಂದಿನವನ್ನು ಕೊರೆಯಿರಿ.

ಚಿಪ್ಪುಹಂದಿಗೆ ಇಷ್ಟು ಬೇಡ, ಅದು ದೊಡ್ಡ ತೋಡುಗಾರ. ಬಿಡುವ ಜಾಗದ ಸುತ್ತ ಪಾಳು ಬಿದ್ದ ಮುಳ್ಳುಹಂದಿಯ ಬಿಲಗಳಿದ್ದರೆ ಸಾಕು.

ಯಾರನ್ನು, ಎಲ್ಲಿಂದ

ಇಲ್ಲಿಂದ ಮುಂದೆ ತಜ್ಞರ ಕೆಲಸ, ನಾವು ಸರಿಯಾದ ಪ್ರಶ್ನೆ ಕೇಳುವವರು. ಮೂಲ ಗುಂಪಿನಿಂದ ತೆಗೆದರೆ ಅದು ತಡೆದುಕೊಳ್ಳುತ್ತದೆಯೇ? ಕೊಂಡಾಣಾ ಇಲಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಸಿಂಹಗಡದ ಬಯಲು ಮೊದಲು ಸುರಕ್ಷಿತವಾಗಲಿ, ಅಲ್ಲಿಂದ ಒಂದೇ ಒಂದನ್ನೂ ಅವಸರದಿಂದ ತೆಗೆಯಬಾರದು. ಎಷ್ಟು ಪ್ರಾಣಿಯಿಂದ ಶುರು ಎಂಬುದೂ ಮುಖ್ಯ. ಹಿಡಿದ 18 ಫೆರೆಟ್‌ಗಳಲ್ಲಿ ಸಂತತಿ ಮುಂದುವರಿಸಿದ್ದು ಏಳೇ, ಆ ರಕ್ತದ ಇಕ್ಕಟ್ಟು ಇವತ್ತಿಗೂ ಬಿಟ್ಟಿಲ್ಲ.

ಸಾಕಿ ಬಿಡುವುದಾದರೆ ಪಂಜರದಿಂದ ನೇರ ಬಯಲಿಗೆ ಬಿಡುವಂತಿಲ್ಲ. ಫೆರೆಟ್ ಮರಿಗಳನ್ನು ನಿಜವಾದ ಬಿಲಗಳಿರುವ ಬಯಲು ದೊಡ್ಡಿಯಲ್ಲಿ ಬೆಳೆಸಿದಾಗಲೇ ಹೆಚ್ಚು ಬದುಕಿದವು. ಅಸ್ಸಾಂನಲ್ಲಿ ಪಿಗ್ಮಿ ಹಂದಿಯನ್ನು ಮರಳಿಸುವವರೂ ಇದನ್ನೇ ಮಾಡುತ್ತಾರೆ. ಅದು ಬಿಲವಾಸಿಯಲ್ಲ, ಹುಲ್ಲಿನ ಗೂಡು ಕಟ್ಟುವುದು. 2008ರಿಂದ ಬಿಡುತ್ತಿರುವ ಹಂದಿಗಳನ್ನು ಮೊದಲು ಕೆಲವು ತಿಂಗಳು ಎತ್ತರದ ಹುಲ್ಲಿರುವ ಆವರಣದಲ್ಲಿಟ್ಟು, ಮನುಷ್ಯರ ಸಲಿಗೆ ಬಿಡಿಸಿ ಆಮೇಲೆ ಕಾಡಿಗೆ ಕಳಿಸುತ್ತಾರೆ.

ಬಿಡುವ ಸಂಜೆ

ಮಳೆಗಾಲ ಮುಗಿದು, ಮಣ್ಣು ಇನ್ನೂ ತೋಡಲು ಮೆತ್ತಗಿದ್ದು, ಕೀಟ-ಬೀಜ ಎರಡೂ ಸಿಗುವ ಅಕ್ಟೋಬರ್ ಸುಮಾರಿಗೆ ಬಿಡುವುದು ನಮ್ಮ ಬಯಲಿಗೆ ಹೊಂದುತ್ತದೆ. ಇಲಿಯಂಥದ್ದಕ್ಕೆ ಬಿಲದ ಸುತ್ತ ಸಣ್ಣ ಬಲೆಯ ಆವರಣ ಹಾಕಿ, ಕೆಲವು ದಿನ ಅಲ್ಲೇ ಊಟ ಕೊಟ್ಟು ನಂತರ ಬಲೆ ತೆಗೆಯಬೇಕು. ಬಲೆಯ ಅಂಚನ್ನು ನೆಲದೊಳಗೆ ಮೊಳದಷ್ಟು ಹೂಳಬೇಕು. ಚಿಪ್ಪುಹಂದಿಗೆ ಇದು ಸಲ್ಲದು. ಕೂಡಿಟ್ಟರೆ ಊಟ ಬಿಟ್ಟು ಸೊರಗುತ್ತದೆ. ಅದಕ್ಕೆ ಬೇಕಾದದ್ದು ಪಶುವೈದ್ಯರ ತಪಾಸಣೆ, ಬಲ ಬರುವಷ್ಟು ಆರೈಕೆ ಮತ್ತು ಕತ್ತಲಾದ ಮೇಲೆ ಗೆದ್ದಲಿರುವ ಜಾಗದಲ್ಲಿ ಸದ್ದಿಲ್ಲದೆ ಬಿಡುವುದು. ಸಿಕ್ಕ ದಿನವೇ ಹತ್ತಿರದ ಕಾಡಿಗೆ ಬಿಟ್ಟು ಫೋಟೊ ಹಾಕುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಗೋಣಿಚೀಲದಲ್ಲಿ ದಿನಗಟ್ಟಲೆ ನೀರಿಲ್ಲದೆ ಇದ್ದ ಜೀವ ಆ ರಾತ್ರಿ ಏನನ್ನು ತೋಡೀತು?

ಬಿಡುವಾಗ ಅಲ್ಲಿ ಇರಬೇಕಾದವರು ಮೂರು-ನಾಲ್ಕು ಜನ. ಭಾಷಣ, ಬ್ಯಾನರ್, ಟಾರ್ಚು ಬೇಡ. ಜಾಗದ ಹೆಸರು ಎಲ್ಲೂ ಹಾಕಬೇಡಿ, ಚಿಪ್ಪಿಗಾಗಿ ಹುಡುಕುವವರೂ ಅದನ್ನು ಓದುತ್ತಾರೆ.

ಆಮೇಲಿನ ವರ್ಷಗಳು

ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನ ವಸ್ತುವೇ ಆದ್ದರಿಂದ, ಅದಕ್ಕೆ ಸಣ್ಣ ತೂತು ಕೊರೆದು ರೇಡಿಯೋ ಟ್ಯಾಗ್ ಕೂರಿಸಿದರೆ ನೋವಾಗುವುದಿಲ್ಲ. ಮಧ್ಯಪ್ರದೇಶದಲ್ಲಿ ರಕ್ಷಿಸಿದ ಚಿಪ್ಪುಹಂದಿಗಳಿಗೆ ಟ್ಯಾಗ್ ಹಾಕಿ ಬಿಟ್ಟು ಹಿಂಬಾಲಿಸಿದ್ದಾರೆ. ಟ್ಯಾಗಿಗೆ ದುಡ್ಡಿಲ್ಲದ ಗುಂಪು ಕೂಡ ಬಿಲ ಎಣಿಸಬಹುದು. ತಿಂಗಳಿಗೊಮ್ಮೆ ಅದೇ ಜಾಡಿನಲ್ಲಿ ನಡೆದು, ಒಂದೊಂದು ಬಿಲಕ್ಕೂ ಸಂಖ್ಯೆ ಕೊಟ್ಟು, ಕಡ್ಡಿ-ಬೂದಿ ಇಟ್ಟು ಬರೆಯಿರಿ. ಕ್ಯಾಮೆರಾ ಇದ್ದರೆ ಬಾಯಿಗೆ ನೇರ ಹಿಡಿಯದೆ ಪಕ್ಕದಿಂದ ಕಟ್ಟಿ.

ಬಿಟ್ಟ ಪ್ರಾಣಿ ಬದುಕಿದ್ದರಷ್ಟೇ ಗೆದ್ದಂತಲ್ಲ. ಅಲ್ಲೇ ಹುಟ್ಟಿದ ಮರಿ ಬೆಳೆದು ಅಲ್ಲೇ ಮರಿ ಹಾಕಿದ ಮೇಲೆ ಆ ಮಾತು. ಗೆದ್ದ ಮೇಲೂ ಕೈ ಬಿಡುವಂತಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಆರಿಡ್ ರಿಕವರಿ ಎಂಬಲ್ಲಿ ಬೆಕ್ಕು-ನರಿ ಬಾರದಂತೆ ಬೇಲಿ ಹಾಕಿ 1999ರಲ್ಲಿ ಬೆಟಾಂಗ್ ಎಂಬ, ಕಾಂಗರೂವನ್ನು ಹೋಲುವ ಸಣ್ಣ ಬಿಲವಾಸಿಯನ್ನು ಬಿಡಲು ಶುರು ಮಾಡಿದರು. ಮೂವತ್ತರಷ್ಟಿದ್ದದ್ದು ಸಾವಿರಾರಾಗಿ, ಬೇಲಿಯೊಳಗಿನ ಗಿಡವನ್ನೆಲ್ಲ ತಿಂದು ಬೋಳು ಮಾಡಿದವು. ಬೇಟೆಯಾಡುವ ಪ್ರಾಣಿಯನ್ನೂ ಒಳಗೆ ತರಬೇಕಾಯಿತು. ನಮ್ಮ ಬಯಲಿನಲ್ಲಿ ನರಿ, ಗೂಬೆ, ಹಾವು ಇರುವುದು ಅದೃಷ್ಟ. ಬಿಟ್ಟ ಇಲಿಯಲ್ಲಿ ಒಂದೆರಡನ್ನು ಅವು ತಿಂದರೆ ಗೋಳಾಡಬೇಡಿ.

ಇಷ್ಟೆಲ್ಲ ಆಗುವ ಮುಂಚೆಯೇ ಒಂದು ರಾತ್ರಿ ನಿಮ್ಮ ಅಂಗಳದಲ್ಲೋ ತೋಟದ ಬಾವಿಯಲ್ಲೋ ಚಿಪ್ಪುಹಂದಿ ಕಂಡರೆ: ಅದು ಮುದುಡಿಕೊಂಡರೆ ಬಿಡಿಸಲು ಹೋಗಬೇಡಿ, ಬಾಲ ಹಿಡಿದು ಎತ್ತಬೇಡಿ, ಹಾಲು-ಅನ್ನ ಇಡಬೇಡಿ. ದೀಪ ಆರಿಸಿ, ನಾಯಿ ಕಟ್ಟಿ, ಜನ ದೂರ ನಿಲ್ಲಲಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅವರು ಬರುವ ತನಕ ಕಾಯಿರಿ. ಸಿಕ್ಕ ಜಾಗ, ಹೊತ್ತು, ಪಕ್ಕದಲ್ಲಿ ಹುತ್ತ ಇತ್ತೇ ಎಂಬುದನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ಅದನ್ನು ಮತ್ತೆ ಎಲ್ಲಿ ಬಿಡಬೇಕೆಂದು ಗೊತ್ತು ಮಾಡಲು ಆ ಚೀಟಿ ಬೇಕಾಗುತ್ತದೆ.